ಗ್ರಹಣ ಮತ್ತು ತಾಯಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ನಮ್ಮ ಸೀಮೆಯ ಜನ ತೆಂಗಿನ ವಿಚಾರದಲ್ಲಿ ಬಹಳ ವಿವೇಕಿಗಳು. ಹೊಂಬಾಳೆ ಒಡೆದು ಕಚ್ಚಿದ ಹರಳುಗಳಲ್ಲಿ ಎಷ್ಟೋ ಪಾಲು ಮೊದಲ ಕೆಲವು ವಾರಗಳಲ್ಲೇ ಉದುರಿಹೋಗುತ್ತವೆ. ಅದಕ್ಕಾಗಿ ಮರವನ್ನು ಶಪಿಸಿದವರನ್ನು ನಾನು ಕಂಡಿಲ್ಲ. ನೀರು ಸಾಲದಾಯಿತೆ, ಗೊಬ್ಬರ ಕಡಿಮೆಯಾಯಿತೆ, ನುಸಿ ಹತ್ತಿತೆ ಎಂದು ವಿಚಾರಿಸುತ್ತಾರೆ. ಆದರೆ ಅದೇ ಮನೆಯಲ್ಲಿ ಸೀಳುತುಟಿಯ ಕೂಸೊಂದು ಹುಟ್ಟಿದರೆ ಈ ವಿವೇಕ ಹೊಸ್ತಿಲಿನಾಚೆಯೇ ನಿಂತುಬಿಡುತ್ತದೆ. ಆಗ ಹುಟ್ಟುವ ಪ್ರಶ್ನೆ ಒಂದೇ: ಗ್ರಹಣದ ದಿನ ಇವಳು ಏನನ್ನು ಕೊಯ್ದಳು?

ಗರ್ಭಿಣಿ ಗ್ರಹಣಕಾಲದಲ್ಲಿ ಈಳಿಗೆಮಣೆ ಮುಟ್ಟಬಾರದು, ಹೊರಗೆ ಬರಬಾರದು ಎಂಬುದು ಹಳೆಯ ನಂಬಿಕೆ. ನಂಬಿಕೆಯೊಡನೆ ನನ್ನ ಜಗಳವಿಲ್ಲ. ಗರ್ಭಿಣಿಗೆ ಒಂದು ದಿನ ವಿಶ್ರಾಂತಿ ಸಿಕ್ಕರೆ ಒಳ್ಳೆಯದೇ. ಜಗಳವಿರುವುದು ಅನಂತರ ನಡೆಯುವ ವಿಚಾರಣೆಯೊಡನೆ. ತುರುವೇಕೆರೆಯ ಕಡೆಯ, ನಾನು ಬಲ್ಲ ಒಬ್ಬ ತಾಯಿ ತಾನು ಅಂದು ಏನನ್ನೂ ಮುಟ್ಟಲಿಲ್ಲವೆಂದು ಹೇಳಿ ಹೇಳಿ ಸೋತಳು. ಅತ್ತೆ ಕೇಳಿದರು, ನಾದಿನಿ ಕೇಳಿದಳು, ಮಗುವನ್ನು ನೋಡಲು ಬಂದವರೆಲ್ಲ ಕೇಳಿದರು. ಕೊನೆಗೊಂದು ದಿನ ಅವಳೇ, “ಒಂದು ಸೌತೆಕಾಯಿ ಹೆಚ್ಚಿದ್ದೆನೋ ಏನೋ” ಎಂದುಬಿಟ್ಟಳು. ಮನೆಗೆ ಸಮಾಧಾನವಾಯಿತು. ಮನೆಯವರು ಹೇಳುತ್ತಿದ್ದ ಗ್ರಹಣ ಬಂದದ್ದು ಅವಳಿಗೆ ಐದು ತಿಂಗಳು ತುಂಬಿದ ಮೇಲೆ. ಶಿಶುವಿನ ಮೇಲ್ದುಟಿ ಎರಡೂ ಕಡೆಯಿಂದ ಬಂದು ಕೂಡಿಕೊಳ್ಳುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ. ಗ್ರಹಣ ಹಿಡಿಯುವ ಎಷ್ಟೋ ಮೊದಲೇ ಆ ತುಟಿಯ ಕಥೆ ಮುಗಿದಿತ್ತು. ಯಾರೂ ಬೆರಳು ಮಡಿಸಿ ಲೆಕ್ಕ ಹಾಕಲಿಲ್ಲ.

ಮೂರರಿಂದ ಆರು ತಿಂಗಳ ವಯಸ್ಸಿನಲ್ಲಿ ಹೊಲಿದು ಸರಿಪಡಿಸಬಹುದಾದ ತುಟಿ ಅದು. ಆದರೆ ಹುಡುಗನಿಗೆ ನಾಲ್ಕು ವರ್ಷವಾಗುವವರೆಗೆ ಅವನನ್ನು ಬಂಧುಗಳ ಮದುವೆಗೂ ಕರೆದೊಯ್ಯಲಿಲ್ಲ, ಆಸ್ಪತ್ರೆಗೂ ಒಯ್ಯಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳನ್ನು ಅಂಗನವಾಡಿಯಲ್ಲಿ, ಶಾಲೆಯಲ್ಲಿ ಪರೀಕ್ಷಿಸಿ ಉಚಿತ ಚಿಕಿತ್ಸೆಗೆ ಕಳುಹಿಸುವ ಏರ್ಪಾಡಿದೆ. ಒಳಕೋಣೆಯಲ್ಲಿ ಬಚ್ಚಿಟ್ಟ ಮಗುವನ್ನು ಯಾವ ವೈದ್ಯ ಪರೀಕ್ಷಿಸಿಯಾನು?

ತುಟಿಯದು ಸಣ್ಣ ದೋಷ. ತಲೆಬುರುಡೆಯ ಮೇಲ್ಭಾಗವೇ ಮೂಡದೆ ಹುಟ್ಟುವ, ಬೆನ್ನುಹುರಿ ತೆರೆದಿರುವ ಶಿಶುಗಳೂ ಉಂಟು. ಮೊದಲನೆಯವು ಗಂಟೆಗಳೋ ದಿನಗಳೋ ಉಳಿದು ತೀರಿಕೊಳ್ಳುತ್ತವೆ. ಮುಖ ತೋರಿಸದೆ ಬಟ್ಟೆ ಮುಚ್ಚಿ ಒಯ್ದ ಮಗುವನ್ನು ಆ ತಾಯಿ ಬಹುಕಾಲ ಕನಸಿನಲ್ಲಿ ಹುಡುಕುತ್ತಾಳೆ. ಮಿದುಳು, ಬೆನ್ನುಹುರಿಗಳಾಗಬೇಕಾದ ಕೊಳವೆ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ, ಎಂದರೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದು ತಿಳಿಯುವ ಮೊದಲೇ. ಇಂಥ ಮಗುವನ್ನು ಹೆತ್ತಿದ್ದ ತಾಯಂದಿರಿಗೆ ಮುಂದಿನ ಗರ್ಭಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ದೋಷದ ಮರುಕಳಿಕೆ ನೂರಕ್ಕೆ 72ರಷ್ಟು ತಗ್ಗುವುದೆಂದು 1991ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ತೋರಿಸಿಕೊಟ್ಟಿತು. ಅಗ್ಗದ ಒಂದು ಗುಳಿಗೆ. ನಮ್ಮಲ್ಲಿ ಅದನ್ನು ಕೊಡುವುದು ಸಾಮಾನ್ಯವಾಗಿ ಬಸಿರು ಗೊತ್ತಾದ ಮೇಲೆ. ಆ ಹೊತ್ತಿಗೆ ಕೊಳವೆಯ ಕೆಲಸ ಮುಗಿದಿರುತ್ತದೆ.

ಸೋದರಮಾವನಿಗೇ ಹೆಣ್ಣು ಕೊಡುವ ಪದ್ಧತಿಯೂ ನೆನಪಾಗುತ್ತದೆ. ರಕ್ತಸಂಬಂಧದ ಮದುವೆಗಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರಾದರೂ ಕೆಲವು ದೋಷಗಳ ಸಂಭವ ಅಲ್ಲಿ ತುಸು ಹೆಚ್ಚು. ಸಂಬಂಧ ಗೊತ್ತುಮಾಡಿದವರು ಹಿರಿಯರು, ಆಸ್ತಿ ಹೊರಗೆ ಹೋಗಬಾರದೆಂದವರೂ ಅವರೇ. ದೂಷಣೆ ಮಾತ್ರ ಹೆತ್ತವಳಿಗೆ.

ನಿಂದೆಗೆ ಬದಲಾಗಿ ಪೂಜೆಯೂ ನಡೆಯುವುದುಂಟು. 2007ರ ನವೆಂಬರಿನಲ್ಲಿ ಬೆಂಗಳೂರಿನ ಸ್ಪರ್ಶ್ ಆಸ್ಪತ್ರೆಯಲ್ಲಿ ಡಾ. ಶರಣ್ ಪಾಟೀಲ್ ಮತ್ತು ಅವರ ತಂಡ ಒಂದು ಇಡೀ ದಿನಕ್ಕೂ ಮೀರಿ ಶಸ್ತ್ರಕ್ರಿಯೆ ನಡೆಸಿದ ಬಿಹಾರದ ಎರಡು ವರ್ಷದ ಹೆಣ್ಣುಮಗುವಿಗೆ ನಾಲ್ಕು ಕೈ, ನಾಲ್ಕು ಕಾಲುಗಳಿದ್ದವು. ಪೂರ್ಣ ಬೆಳೆಯದ ಅವಳಿ ದೇಹವೊಂದು ಅಂಟಿಕೊಂಡಿತ್ತು. ಊರವರು ಅವಳನ್ನು ದೇವಿಯೆಂದು ಪೂಜಿಸಿದ್ದರು. ಎದ್ದು ನಿಲ್ಲಲಾರದ ಮಗುವಿಗೆ ಆರತಿ ಎತ್ತುವುದಕ್ಕಿಂತ ಅದನ್ನು ನಿಲ್ಲಿಸಹೊರಟ ತಂದೆತಾಯಿಗಳ ಧೈರ್ಯವೇ ನನಗೆ ದೊಡ್ಡದೆನಿಸುತ್ತದೆ.

ಕಾಸರಗೋಡಿನ ಪಡ್ರೆಯಲ್ಲಿಯೂ ಜನ ಮೊದಲು ಹೆದರಿದ್ದು ದೈವದ ಕೋಪಕ್ಕೆ. ಗುಡ್ಡದ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಅಂಗವೈಕಲ್ಯದ ಕರುಗಳನ್ನು ಕುರಿತು ಮೊದಲು ಬರೆದವರು ‘ಅಡಿಕೆ ಪತ್ರಿಕೆ’ಯ ಶ್ರೀ ಪಡ್ರೆ. ಅಲ್ಲಿನ ವಾಣಿನಗರದ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಮನೆಮನೆಯ ರೋಗಿಗಳ ಲೆಕ್ಕವಿಟ್ಟರು. ಒಂದೊಂದು ಮಗುವಿನ ದೋಷಕ್ಕೂ ಈ ವಿಷವೇ ಕಾರಣವೆ ಎಂಬ ವಿವಾದ ಮುಗಿದಿಲ್ಲ. ಆದರೆ ಪ್ರಶ್ನೆ ಅತ್ತ ತಿರುಗಿದ ದಿನವೇ ತಾಯಂದಿರು ಕಟಕಟೆಯಿಂದ ಇಳಿದು ವಾದಿಗಳಾದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಔಷಧವನ್ನು ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ಐದು ಲಕ್ಷ ರೂಪಾಯಿಗಳಂತೆ ಪರಿಹಾರ ಕೊಡಬೇಕೆಂದು ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಹಾಸಿಗೆ ಬಿಟ್ಟೇಳಲಾರದ ಮಕ್ಕಳಿಗೆ ಉಣಿಸುವುದು, ಮಗ್ಗುಲು ಬದಲಿಸಿ ಮಲಗಿಸುವುದು ಇಂದಿಗೂ ಆ ತಾಯಂದಿರ ಕೆಲಸವೇ. ಮಕ್ಕಳು ಬೆಳೆದು ಭಾರವಾಗಿದ್ದಾರೆ, ತಾಯಂದಿರಿಗೆ ವಯಸ್ಸಾಗಿದೆ.