ಯಾರನ್ನ ಹಿಡೀಬೇಕು ಸಾರ್?

ಇವತ್ತು ರಾಜಕೀಯಕ್ಕೆ ರಜೆ. ಯಾರು ಯಾವ ಪಕ್ಷಕ್ಕೆ ಹೋದ್ರು, ಯಾರು ಯಾರ ಮನೇಲಿ ಊಟ ಮಾಡಿದ್ರು, ಇದೆಲ್ಲ ನಾಳೆ ನೋಡೋಣ.

ಸಿಇಟಿ ಫಲಿತಾಂಶ ಬಂದ ಮೇಲೆ ನಮ್ಮ ಚಾನೆಲ್‌ಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಎಐ ಆ್ಯಂಡ್ ಡೇಟಾ ಸೈನ್ಸ್ ಬ್ರಾಂಚ್ ತಗೊಂಡ್ರೆ ಪ್ಲೇಸ್‌ಮೆಂಟ್ ಆಗುತ್ತಾ? ಅದಕ್ಕೆ ಉತ್ತರ ಹೇಳೋರು ಬೇಕಾದಷ್ಟು ಜನ ಇದ್ದಾರೆ. ಆದರೆ ಅಪರೂಪಕ್ಕೆ ಇನ್ನೊಂದು ಪ್ರಶ್ನೆ ಬರುತ್ತೆ. 'ನಮ್ಮ ಹುಡುಗಿಗೆ ಈ ಎಐನಲ್ಲಿ ರಿಸರ್ಚ್ ಮಾಡೋ ಆಸೆ. ನಮಗೆ ಅಲ್ಲಿ ಯಾರೂ ಗೊತ್ತಿಲ್ಲ. ಯಾರನ್ನ ಹಿಡೀಬೇಕು ಸಾರ್?'

ಗಮನಿಸಿ, ಏನು ಓದಬೇಕು ಅಂತ ಕೇಳ್ತಿಲ್ಲ. ಯಾರನ್ನ ಹಿಡೀಬೇಕು ಅಂತ ಕೇಳ್ತಿದ್ದಾರೆ. ತಾಲ್ಲೂಕು ಕಚೇರಿಯಲ್ಲಿ ಒಂದು ಪಹಣಿ ತಿದ್ದಿಸೋಕೂ ಯಾರನ್ನಾದರೂ ಹಿಡಿಯಬೇಕಾದ ನಾಡಿನಲ್ಲಿ ಇದು ಸಹಜವಾದ ಪ್ರಶ್ನೆಯೇ. ಒಂದು ಅರ್ಥದಲ್ಲಿ ಸರಿಯಾದ ಪ್ರಶ್ನೆಯೂ ಹೌದು. ಯಾಕಂದ್ರೆ ಸಂಶೋಧನೆಯ ಲೋಕದಲ್ಲೂ ಪರಿಚಯ ಇಲ್ಲದೆ ಕೆಲಸ ಆಗಲ್ಲ. ಆ ಪರಿಚಯ ಆಗೋ ರೀತಿ ಮಾತ್ರ ಬೇರೆ.

2017ರ ಒಂದು ಸಂಶೋಧನಾ ಪ್ರಬಂಧದ ವಿಷಯ ಹೇಳ್ತೀನಿ. ಚಾಟ್‌ಜಿಪಿಟಿ ಹೆಸರಿನ ಕೊನೆಯ ಅಕ್ಷರ 'ಟಿ' ಇದೆಯಲ್ಲ, ಅದು ಟ್ರಾನ್ಸ್‌ಫಾರ್ಮರ್. ನಮ್ಮ ಬೀದಿ ಕಂಬದ್ದಲ್ಲ! ಭಾಷೆಯನ್ನು ಕಂಪ್ಯೂಟರ್‌ಗೆ ಕಲಿಸುವ ಒಂದು ವಿನ್ಯಾಸ. ಅದನ್ನು ಲೋಕಕ್ಕೆ ಕೊಟ್ಟ ಪ್ರಬಂಧಕ್ಕೆ 8 ಜನ ಲೇಖಕರು. ಮೊದಲ ಹೆಸರು ಅಶೀಶ್ ವಾಸ್ವಾನಿ, ಮೂರನೇ ಹೆಸರು ನಿಕಿ ಪರ್ಮಾರ್. ಇಬ್ಬರೂ ನಮ್ಮ ದೇಶದಲ್ಲೇ ಇಂಜಿನಿಯರಿಂಗ್ ಓದಿದವರು. ಐಐಟಿಯಲ್ಲಿ ಅಂದುಕೊಂಡ್ರಾ? ಅಲ್ಲ. ವಾಸ್ವಾನಿ ರಾಂಚಿ ಹತ್ತಿರದ ಬಿಐಟಿ ಮೆಸ್ರಾದಲ್ಲಿ, ಪರ್ಮಾರ್ ಪುಣೆಯ ಪಿಐಸಿಟಿ ಕಾಲೇಜಿನಲ್ಲಿ. ಆಮೇಲೆ ಇಬ್ಬರೂ ಓದಲು ಹೋಗಿದ್ದು ಅಮೆರಿಕದ ಒಂದೇ ವಿಶ್ವವಿದ್ಯಾಲಯಕ್ಕೆ, ಸದರ್ನ್ ಕ್ಯಾಲಿಫೋರ್ನಿಯಾಗೆ. ಅದೇ ಪಟ್ಟಿಯಲ್ಲಿರುವ ಏಡನ್ ಗೋಮೆಜ್ ಎಂಬ ಹುಡುಗ ಆಗ ಗೂಗಲ್‌ನಲ್ಲಿ ಬರೀ ಇಂಟರ್ನ್. 8 ಜನರದ್ದೂ ಸಮಪಾಲು, ಹೆಸರುಗಳ ಕ್ರಮಕ್ಕೆ ಅರ್ಥವಿಲ್ಲ ಅಂತ ಪ್ರಬಂಧದಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಇಂಟರ್ನ್ ಅಂದ್ರೆ ಜೆರಾಕ್ಸ್ ಮಾಡಿಸಿಕೊಂಡು ಬರೋನು!

ಈಗ ಬೆಂಗಳೂರಿಗೆ ಬನ್ನಿ. ಮೈಕ್ರೋಸಾಫ್ಟ್ ರಿಸರ್ಚ್ ತನ್ನ ಭಾರತದ ಪ್ರಯೋಗಾಲಯವನ್ನು ಇಲ್ಲಿ ತೆರೆದದ್ದು 2005ರಲ್ಲಿ. ಗೂಗಲ್ ತನ್ನ ಎಐ ಸಂಶೋಧನಾ ಕೇಂದ್ರವನ್ನು ಪ್ರಕಟಿಸಿದ್ದು 2019ರಲ್ಲಿ, ಅದೂ ಇಲ್ಲೇ. ಈ ಎರಡೂ ಕಡೆ ಪಿಎಚ್‌ಡಿಗೆ ಮುಂಚೆಯೇ, ಡಿಗ್ರಿ ಮುಗಿಸಿದ ಹುಡುಗ ಹುಡುಗಿಯರನ್ನು ಒಂದೆರಡು ವರ್ಷ ಸಂಬಳ ಕೊಟ್ಟು ಸಂಶೋಧನೆಗೆ ಹಚ್ಚುವ ಪದ್ಧತಿ ಇದೆ. ಒಂದು ಕಡೆ ರಿಸರ್ಚ್ ಫೆಲೋ ಅಂತಾರೆ, ಇನ್ನೊಂದು ಕಡೆ ಪ್ರೀ-ಡಾಕ್ಟರಲ್ ಅಂತಾರೆ. ಇದರ ನಿಜವಾದ ಲಾಭ ಸಂಬಳವಲ್ಲ. ಎರಡು ವರ್ಷ ಪಕ್ಕದಲ್ಲಿ ಕೂತು ಕೆಲಸ ಮಾಡಿದ ಸಂಶೋಧಕರು ಮುಂದೆ ನಿಮ್ಮ ಬಗ್ಗೆ ಪತ್ರ ಬರೀತಾರೆ. ಹೊರದೇಶದ ವಿಶ್ವವಿದ್ಯಾಲಯಗಳು ಪಿಎಚ್‌ಡಿ ಸೀಟು ಕೊಡುವಾಗ ಆ ಪತ್ರವನ್ನು ಮಾರ್ಕ್ಸ್ ಕಾರ್ಡಿಗಿಂತ ಹೆಚ್ಚು ಹೊತ್ತು ಓದುತ್ತವೆ.

ದುಡ್ಡಿನ ಮಾತು ಬಂದೇ ಬರುತ್ತೆ, ಬರಲಿ. ಪಿಎಚ್‌ಡಿ ಅಂದ್ರೆ ಮೂವತ್ತು ವರ್ಷದ ತನಕ ಅಪ್ಪನ ಹತ್ರ ಕೈ ಚಾಚೋದು ಅಂತ ಇನ್ನೂ ಎಷ್ಟೋ ಮನೆಗಳಲ್ಲಿ ನಂಬಿಕೆ. ಜೆಆರ್‌ಎಫ್ ಮೊತ್ತ 2023ರಿಂದ ತಿಂಗಳಿಗೆ 37,000 ರೂಪಾಯಿ. ಪ್ರಧಾನಮಂತ್ರಿ ರಿಸರ್ಚ್ ಫೆಲೋಶಿಪ್ ಶುರುವಾಗಿದ್ದೇ 70,000ದಿಂದ. ಅದು ಎಲ್ಲರಿಗೂ ಸಿಗಲ್ಲ, ಜರಡಿ ತುಂಬಾ ಸಣ್ಣದು. ಆದರೂ ವರ್ಷಕ್ಕೆ ಲೆಕ್ಕ ಹಾಕಿ, 8 ಲಕ್ಷ 40 ಸಾವಿರ. ಸಾವಿರಗಟ್ಟಲೆ ಹೊಸಬರನ್ನು ಸೇರಿಸಿಕೊಳ್ಳುವ ಐಟಿ ಕಂಪನಿಗಳ ಮೊದಲ ಸಂಬಳ ಎಷ್ಟೋ ವರ್ಷದಿಂದ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ನಿಂತಿದೆ.

ಇಷ್ಟೆಲ್ಲ ಇದ್ದೂ, ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಇದೊಂದೂ ಕಾಣಲ್ಲ. ಅಲ್ಲಿ ಕಾಣೋದು 'ಇಂಟರ್‌ನ್ಯಾಷನಲ್ ಕಾನ್ಫರೆನ್ಸ್' ಅನ್ನೋ ಬಣ್ಣದ ಪೋಸ್ಟರ್. ದುಡ್ಡು ಕಟ್ಟಿ, ಪೇಪರ್ ಕಳಿಸಿ, ಸರ್ಟಿಫಿಕೇಟ್ ತಗೊಳ್ಳಿ. ಪೇಪರ್ ಓದುವವರೂ ಇಲ್ಲ, ತಪ್ಪು ಹೇಳುವವರೂ ಇಲ್ಲ. ಮೂರು ದಿನದಲ್ಲಿ 'ಒಪ್ಪಿಕೊಳ್ಳಲಾಗಿದೆ' ಅಂತ ಮೇಲ್ ಬರುತ್ತೆ. ನಾನೂ ಇಂಜಿನಿಯರಿಂಗ್ ಓದಿದವನು, ಫೈನಲ್ ಇಯರ್ ಪ್ರಾಜೆಕ್ಟ್ ಅಂಗಡಿಯಲ್ಲಿ ರೆಡಿಮೇಡ್ ಸಿಗೋ ಕಾಲವನ್ನು ನೋಡಿದವನು. ಆಗ ಪ್ರಾಜೆಕ್ಟ್ ಮಾರ್ತಿದ್ರು, ಈಗ ಪ್ರಬಂಧ ಮಾರ್ತಿದ್ದಾರೆ. ಇದಕ್ಕೆ ಕಟ್ಟೋ ದುಡ್ಡು ಯಾರದ್ದು? ಆ ಹುಡುಗಿಯ ಅಪ್ಪ ಸೊಸೈಟಿಯಲ್ಲಿ ಎತ್ತಿದ ಸಾಲದ್ದು. ಆ ಸರ್ಟಿಫಿಕೇಟ್ ಹಿಡ್ಕೊಂಡು ಟಾಟಾ ಇನ್‌ಸ್ಟಿಟ್ಯೂಟ್‌ನ ಸಂದರ್ಶನಕ್ಕೆ ಹೋದರೆ, ಎದುರಿಗೆ ಕೂತವರು ಅದನ್ನು ಪಕ್ಕಕ್ಕಿಟ್ಟು 'ನೀವು ಏನು ಮಾಡಿದ್ರಿ, ಹೇಳಿ' ಅಂತಾರೆ.

ಹಾಗಾದ್ರೆ ನಿಜವಾದ ಬಾಗಿಲು ಎಲ್ಲಿದೆ? ಒಂದನ್ನಂತೂ ಬಿಡಿಸಿ ಹೇಳಬೇಕು, ಯಾಕಂದ್ರೆ ಅದು ನಮ್ಮ ಭಾಷೆಯದ್ದೇ ಬಾಗಿಲು.

ಈ ಕ್ಷೇತ್ರದಲ್ಲಿ 'ಶೇರ್ಡ್ ಟಾಸ್ಕ್' ಅಂತ ಒಂದು ಪದ್ಧತಿ ಇದೆ. ಸಮ್ಮೇಳನದವರೇ ಒಂದು ಸಮಸ್ಯೆ ಕೊಡ್ತಾರೆ, ಅದಕ್ಕೆ ಬೇಕಾದ ಡೇಟಾ ಕೊಡ್ತಾರೆ. ಯಾವ ಊರಿನ ಯಾವ ತಂಡ ಬೇಕಾದರೂ ಬಿಡಿಸಬಹುದು. ಬಿಡಿಸಿದ ರೀತಿಯನ್ನು ಬರೆದು ಕಳಿಸಿದರೆ ಪರಿಣತರು ಓದಿ ತಿದ್ದುತ್ತಾರೆ, ಒಪ್ಪಿಗೆಯಾದರೆ ಅಚ್ಚಾಗುತ್ತೆ. 2021ರಲ್ಲಿ ದ್ರಾವಿಡ ಭಾಷೆಗಳ ತಂತ್ರಜ್ಞಾನಕ್ಕೇ ಮೀಸಲಾದ ಇಂಥ ಒಂದು ಕಾರ್ಯಾಗಾರ ಯುರೋಪಿನ ದೊಡ್ಡ ಸಮ್ಮೇಳನದ ಜೊತೆ ನಡೆಯಿತು. ಕೋವಿಡ್ ಕಾಲ, ಎಲ್ಲ ಆನ್‌ಲೈನ್. ಅಲ್ಲಿನ ಒಂದು ಸಮಸ್ಯೆ ಏನು ಗೊತ್ತಾ? ತಮಿಳು, ಮಲಯಾಳಂ, ಕನ್ನಡದ ಯೂಟ್ಯೂಬ್ ಕಾಮೆಂಟ್‌ಗಳಲ್ಲಿ ಬೈಗುಳ ಯಾವುದು, ಅಲ್ಲದ್ದು ಯಾವುದು ಅಂತ ಕಂಪ್ಯೂಟರ್ ಗುರುತಿಸಬೇಕು.

ಈಗ ಹೇಳಿ. ಸಿನಿಮಾ ಟ್ರೈಲರ್ ಕೆಳಗೆ ಒಬ್ಬ 'ಏನ್ ಆ್ಯಕ್ಟಿಂಗ್ ಮಾಡಿದ್ಯೋ ನನ್ ಮಗನೇ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದಾನೆ. ಇದು ಬೈಗುಳವಾ, ಮುದ್ದಾ? ಕ್ಯಾಲಿಫೋರ್ನಿಯಾದ ವಿಜ್ಞಾನಿಗೆ ಗೊತ್ತಾಗಲ್ಲ. ಮಂಡ್ಯದ ಹುಡುಗನಿಗೆ ಅರ್ಧ ಸೆಕೆಂಡು ಸಾಕು. ಆ ಹುಡುಗ ಇಂಥ ಕಡೆ ಕೈ ಹಾಕಿದರೆ ಅವನ ಹೆಸರು ಬರೀ ಒಂದು ಸರ್ಟಿಫಿಕೇಟಿನ ಮೇಲೆ ಉಳಿಯಲ್ಲ. ಭಾಷಾ ತಂತ್ರಜ್ಞಾನದವರೆಲ್ಲ ತೆಗೆದು ನೋಡುವ, ದುಡ್ಡಿಲ್ಲದೆ ಸಿಗುವ ಪ್ರಬಂಧ ಭಂಡಾರದಲ್ಲಿ ಸೇರುತ್ತೆ. ಅಲ್ಲಿಂದ ಪರಿಚಯ ಶುರು. ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ, 773 ಜಿಲ್ಲೆಗಳ ಜನರ ದನಿ ಸಂಗ್ರಹಿಸಲು ನಮ್ಮ ಐಐಎಸ್‌ಸಿ ಗೂಗಲ್ ಜೊತೆ ಕೈಗೆತ್ತಿಕೊಂಡ ವಾಣಿ ಯೋಜನೆ, ಇವೆಲ್ಲ ಕನ್ನಡವನ್ನೂ ಒಳಗೊಂಡ ಕೆಲಸಗಳು. ಇಂಥ ಕಡೆ ಧಾರವಾಡದ, ಕುಂದಾಪುರದ, ಕಲಬುರಗಿಯ ಕನ್ನಡದ ವ್ಯತ್ಯಾಸ ಬಲ್ಲ ಹುಡುಗರಿಗೆ ಬೆಲೆ ಇದೆ. ನಾವು ಹೋಗದಿದ್ದರೆ ನಮ್ಮ ಭಾಷೆಯ ಮೇಲಿನ ಕೆಲಸವನ್ನು ನಮ್ಮ ಭಾಷೆ ಬಾರದವರು ಮಾಡ್ತಾರೆ. ಆಮೇಲೆ ಕಂಪ್ಯೂಟರ್ ತಪ್ಪು ಕನ್ನಡ ಬರೆಯುತ್ತೆ ಅಂತ ನಮ್ಮ ಚಾನೆಲ್‌ನಲ್ಲೇ ಚರ್ಚೆ ಇಡ್ತೀವಿ.

ಆಫ್ರಿಕಾದವರನ್ನು ನೋಡಿ. ಈ ದೊಡ್ಡ ಸಮ್ಮೇಳನಗಳು ನಡೆಯೋದು ಹೆಚ್ಚಾಗಿ ಅಮೆರಿಕ, ಕೆನಡಾ, ಯುರೋಪಿನಲ್ಲಿ. 2018ರಲ್ಲಿ ಮಾಂಟ್ರಿಯಲ್‌ನಲ್ಲಿ ನಡೆದಾಗ ಆಫ್ರಿಕಾದ ಬಹಳಷ್ಟು ಸಂಶೋಧಕರಿಗೆ ವೀಸಾನೇ ಸಿಗಲಿಲ್ಲ. ಅವರು ಅಳುತ್ತಾ ಕೂರಲಿಲ್ಲ. ಅದಕ್ಕೆ ಮುಂಚೆಯೇ, 2017ರಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ 'ಡೀಪ್ ಲರ್ನಿಂಗ್ ಇಂಡಾಬಾ' ಅಂತ ತಮ್ಮದೇ ಸಭೆ ಕಟ್ಟಿದ್ದರು. ಇಂಡಾಬಾ ಅಂದ್ರೆ ಜುಲು ಭಾಷೆಯಲ್ಲಿ ಹಿರಿಯರು ಕೂತು ಮಾತಾಡುವ ಕೂಟ, ಹೆಚ್ಚೂಕಮ್ಮಿ ನಮ್ಮ ಅರಳಿಕಟ್ಟೆ. ಮುಂದೆ 'ಮಸಖಾನೆ' ಅಂತ ಇನ್ನೊಂದು ಬಳಗ ಹುಟ್ಟಿತು. ಶಿಕ್ಷಕರು, ಅನುವಾದಕರು, ವಿದ್ಯಾರ್ಥಿಗಳು ಆನ್‌ಲೈನ್‌ನಲ್ಲೇ ಸೇರಿ ತಮ್ಮ ಭಾಷೆಗಳಿಗೆ ಅನುವಾದ ಯಂತ್ರ ಕಟ್ಟಿದರು, ಹತ್ತಾರು ಜನ ಒಟ್ಟಿಗೆ ಒಂದೇ ಪ್ರಬಂಧಕ್ಕೆ ಹೆಸರು ಹಾಕಿದರು. ಕೊನೆಗೆ 2023ರಲ್ಲಿ ಐಸಿಎಲ್‌ಆರ್ ಎಂಬ ಅಗ್ರ ಸಮ್ಮೇಳನವೇ ರುವಾಂಡಾದ ಕಿಗಾಲಿಗೆ ಬಂತು. ನಮ್ಮಲ್ಲಿ ಸುರತ್ಕಲ್ಲಿನಲ್ಲಿ ಎನ್‌ಐಟಿ ಇದೆ, ಧಾರವಾಡದಲ್ಲಿ ಐಐಟಿ, ಐಐಐಟಿ ಎರಡೂ ಇವೆ, ಬೆಳಗಾವಿಯಲ್ಲಿ ವಿಟಿಯು ಕೇಂದ್ರ ಕಚೇರಿ ಇದೆ. ಸುತ್ತಲಿನ ಕಾಲೇಜುಗಳ ಹುಡುಗರನ್ನು ತಿಂಗಳಿಗೊಂದು ಶನಿವಾರ ಸೇರಿಸಿ ಒಂದು ಪ್ರಬಂಧ ಓದಿಸೋಕೆ ಎಷ್ಟು ಖರ್ಚಾಗುತ್ತೆ ಸ್ವಾಮಿ? ಒಂದು ಘಟಿಕೋತ್ಸವದ ಶಾಮಿಯಾನದಷ್ಟೂ ಆಗಲ್ಲ.

ಎರಡನೇ, ಮೂರನೇ ವರ್ಷದಲ್ಲಿರೋ ಮಕ್ಕಳಿಗೆ ಇನ್ನೊಂದು ದಾರಿ. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್, ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ಸೇರಿ ನಡೆಸಿಕೊಂಡು ಬಂದಿರುವ ಬೇಸಿಗೆ ಫೆಲೋಶಿಪ್. ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ. ಅರ್ಜಿ ಕರೆಯೋದು ರಜೆಗೆ ತುಂಬಾ ಮುಂಚೆ. ಏಪ್ರಿಲ್‌ನಲ್ಲಿ ನೆನಪಾದರೆ ಪ್ರಯೋಜನ ಇಲ್ಲ.

ಇನ್ನು ಮೇಲ್ ಬರೆಯೋ ವಿಷಯ. 'ರೆಸ್ಪೆಕ್ಟೆಡ್ ಸರ್, ನನಗೆ ಎಐನಲ್ಲಿ ತುಂಬಾ ಆಸಕ್ತಿ, ಅವಕಾಶ ಕೊಡಿ' ಅಂತ ಒಂದೇ ಮೇಲನ್ನು ನೂರು ಪ್ರೊಫೆಸರ್‌ಗಳಿಗೆ ಕಳಿಸ್ತಾರೆ. ನೂರಕ್ಕೆ ನೂರೂ ಕಸದ ಬುಟ್ಟಿಗೆ. ಅದರ ಬದಲು ಒಬ್ಬರದ್ದೇ ಪ್ರಬಂಧ ಓದಿ, ಅವರು ಹಂಚಿಕೊಂಡ ಪ್ರೋಗ್ರಾಮನ್ನು ನಿಮ್ಮ ಕಂಪ್ಯೂಟರಿನಲ್ಲಿ ಓಡಿಸಿ ನೋಡಿ. ಎಲ್ಲಿ ಎಡವಿತು? ಒತ್ತಕ್ಷರದಲ್ಲಾ? 'ಹೋಗ್ಬಿಟ್ಟಿದ್ದಾನಂತೆ' ಅನ್ನೋ ಥರದ ಉದ್ದ ಪದದಲ್ಲಾ? ಅದನ್ನು ಐದು ಸಾಲಿನಲ್ಲಿ ಬರೆಯಿರಿ, ಮಾಡಿದ ಕೆಲಸದ ಲಿಂಕ್ ಹಾಕಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ಅಲಂಕಾರ ಬೇಡ.

ಇದನ್ನೂ ಮೊದಲು ಪ್ರೊಫೆಸರ್‌ಗೆ ಕಳಿಸಬೇಡಿ. ಅವರ ಕೈಕೆಳಗೆ ಎರಡನೇ, ಮೂರನೇ ವರ್ಷದ ಪಿಎಚ್‌ಡಿ ಮಾಡ್ತಿರುವ ವಿದ್ಯಾರ್ಥಿಗಳಿರ್ತಾರೆ, ಪ್ರಬಂಧದಲ್ಲಿ ಮೊದಲ ಹೆಸರು ಹೆಚ್ಚಾಗಿ ಅವರದ್ದೇ. ಆ ಪ್ರೋಗ್ರಾಮ್ ಬರೆದವರೂ ಅವರೇ. ತಾನು ರಾತ್ರಿ ಕೂತು ಬರೆದದ್ದನ್ನು ಹಾವೇರಿಯ ಒಬ್ಬ ಹುಡುಗಿ ಓಡಿಸಿ ನೋಡಿದ್ದಾಳೆ, ಮೂರು ಕಡೆ ತಪ್ಪು ಹಿಡಿದಿದ್ದಾಳೆ ಅಂದ್ರೆ ಅವರು ಉತ್ತರ ಬರೀತಾರೆ. ಎರಡು ವಾರ ಕಾದರೂ ಬರಲಿಲ್ಲವಾ? ಇನ್ನೊಂದು ಸಲ ಕಳಿಸಿ.