ಒಂದು ಕಾಂಡ, ಹಲವು ಕೊಂಬೆ

ಹಸ್ತಪ್ರತಿಗಳನ್ನು ಸಂಪಾದಿಸಿದವರಿಗೆಲ್ಲ ಒಂದು ಅನುಭವವುಂಟು. ಒಬ್ಬ ಲಿಪಿಕಾರ ಮಾಡಿದ ತಪ್ಪು, ಅವನ ಓಲೆಯನ್ನು ನೋಡಿ ಬರೆದವರೆಲ್ಲರ ಪ್ರತಿಗಳಿಗೂ ಇಳಿದುಬರುತ್ತದೆ. ಒಂದು ಪ್ರತಿಯನ್ನು ತಿದ್ದಿದ ಮಾತ್ರಕ್ಕೆ ಉಳಿದವು ಶುದ್ಧವಾಗುವುದಿಲ್ಲ. ಈ ಹಳೆಯ ತೊಡಕು ಗಣಕಯಂತ್ರದ ಲೋಕದಲ್ಲಿಯೂ ತಲೆದೋರಿತು. ಅಲ್ಲಿನವರು ಅದಕ್ಕೆ ಕಂಡುಕೊಂಡ ಪರಿಹಾರವನ್ನು ಈ ಹೊತ್ತು ತಮ್ಮ ಮುಂದಿಡಬಯಸುತ್ತೇನೆ.

ಮೇಜಿನ ಮೇಲಿನ ಗಣಕಕ್ಕೆ ಸೇರಿಸಿದ ಉಪಕರಣ ಬಹುಮಟ್ಟಿಗೆ ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಫೋನು, ರೂಟರು ಮೊದಲಾದವುಗಳ ಒಡಲಲ್ಲಿರುವ ಚಿಪ್‌ಗಳ ಸ್ಥಿತಿ ಹಾಗಲ್ಲ. ಅವುಗಳೊಳಗಿನ ಅಂಗಗಳು ಮೂಕ. ಯಾವುದು ಯಾವ ವಿಳಾಸದಲ್ಲಿದೆ ಎಂಬುದನ್ನು ಯಾರಾದರೂ ಬರೆದು ತಿಳಿಸಬೇಕು. ಲಿನಕ್ಸ್‌ನಲ್ಲಿ ಆ ಬರಹಕ್ಕೆ ‘ಡಿವೈಸ್ ಟ್ರೀ’, ಎಂದರೆ ಸಾಧನವೃಕ್ಷ, ಎಂದು ಹೆಸರು. ಆರ್ಮ್ ಜಾತಿಯ ಚಿಪ್‌ಗಳಿಗೆ ಮೊದಲು ಈ ವಿವರಗಳು ಲಿನಕ್ಸ್‌ನ ಮೂಲ ಪ್ರೋಗ್ರಾಮಿನಲ್ಲಿಯೇ ಹೆಣೆದುಕೊಂಡಿದ್ದವು. ನಕಲಿನ ಮೇಲೆ ನಕಲು ಬೆಳೆಯುತ್ತಿತ್ತು. 2011ರಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಇದನ್ನು ಕಟುವಾಗಿ ಆಕ್ಷೇಪಿಸಿದರು. ಅನಂತರ ಆರ್ಮ್ ಬಳಗವೂ ಸಾಧನವೃಕ್ಷದ ದಾರಿಯನ್ನು ಹಿಡಿಯಿತು.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಗಣಕವನ್ನೇ ನೋಡಿ. 2012ರ ಮೊದಲ ಪೈಯಲ್ಲಿ ಬಿಸಿಎಂ 2835 ಎಂಬ ಚಿಪ್. ಅದಕ್ಕೆ ಒಂದೇ ಸಂಸ್ಕಾರಕ. 2015ರ 2836, 2016ರ 2837 ಇವುಗಳಿಗೆ ನಾಲ್ಕು ನಾಲ್ಕು. ಉಳಿದ ಅಂಗಗಳು ಬಹುಪಾಲು ಒಂದೇ. ಆದರೆ ಸಂಸ್ಕಾರಕದ ಕಣ್ಣಿಗೆ ಅವು ಮೊದಲನೆಯದರಲ್ಲಿ 512 ಮೆಗಾಬೈಟಿನ ಗುರುತಿನಿಂದಲೂ ಉಳಿದೆರಡರಲ್ಲಿ 1008ರ ಗುರುತಿನಿಂದಲೂ ಕಾಣಿಸಿಕೊಳ್ಳುತ್ತವೆ. ಪ್ರತಿಯೊಂದು ವಿಳಾಸವನ್ನೂ ಮೂರು ಕಡೆ ಬರೆಯಬೇಕೇ? ಬೇಕಿಲ್ಲ. ಮೂರಕ್ಕೂ ಸಮಾನವಾದ ಒಳಲೆಕ್ಕದಲ್ಲಿ ಎಲ್ಲ ವಿಳಾಸಗಳನ್ನೂ ಸಾಮಾನ್ಯ ಕಡತವೊಂದರಲ್ಲಿ ಒಮ್ಮೆ ಬರೆದರು. ‘ಈ ಲೆಕ್ಕ ನನ್ನಲ್ಲಿ ಇಂಥಲ್ಲಿಂದ ಮೊದಲಾಗುತ್ತದೆ’ ಎಂದು ಆಯಾ ಚಿಪ್‌ನ ಕಡತ ಒಂದು ಸಾಲಿನಲ್ಲಿ ಹೇಳುತ್ತದೆ. ಕಾಂಡದಲ್ಲಿ ತಿದ್ದಿದ್ದು ಕೊಂಬೆಗಳಿಗೆಲ್ಲ ಮುಟ್ಟುತ್ತದೆ.

ಆದರೆ 2019ರಲ್ಲಿ ನಾಲ್ಕನೆಯ ಪೈಯೊಡನೆ 2711 ಎಂಬ ಚಿಪ್ ಬಂದಿತು. ಸಾಮಾನ್ಯವೆಂದು ಬರೆದಿಟ್ಟದ್ದೆಲ್ಲ ಅದಕ್ಕೆ ಒಪ್ಪಲಿಲ್ಲ. ಅಂಗಗಳ ಕರೆಯನ್ನು ಸಂಸ್ಕಾರಕಕ್ಕೆ ಮುಟ್ಟಿಸುವ ಭಾಗವೇ ಬೇರೆಯಾಗಿತ್ತು. ಹಿಂದಿನ ಮೂರಕ್ಕೆ ಮಾತ್ರ ಸಲ್ಲುವುದನ್ನು ಬೇರೊಂದು ಕಡತಕ್ಕೆ ತೆಗೆದಿಡಬೇಕಾಯಿತು. ಮೂರು ಪ್ರತಿಗಳು ಕೂಡಿ ಹೇಳಿದ್ದನ್ನು ಮೂಲಪಾಠವೆಂದು ನಂಬಿ, ನಾಲ್ಕನೆಯ ಪ್ರತಿ ದೊರೆತಾಗ ತಲೆತಗ್ಗಿಸಿದ ಸಂಪಾದಕರಿಗೆ ಈ ಪೇಚು ಹೊಸದಲ್ಲ.

ಈಚಿನ ವರ್ಷಗಳಲ್ಲಿ ಈ ಕಡತಗಳಿಗೆ ನಿಯಮಗಳನ್ನು ಬರೆದು, ಪರೀಕ್ಷೆಯನ್ನು ಯಂತ್ರಕ್ಕೇ ಒಪ್ಪಿಸಿದ್ದಾರೆ. ಬಿಟ್ಟುಹೋದ ಪದ, ಸಲ್ಲದ ಹೆಸರು ಅದಕ್ಕೆ ಸಿಕ್ಕಿಬೀಳುತ್ತವೆ. ಆದರೆ ರೂಪದಲ್ಲಿ ಸರಿಯಾಗಿದ್ದು ನಿಜದಲ್ಲಿ ತಪ್ಪಾದ ಅಂಕಿಯೊಂದು ನುಸುಳಿಹೋಗಬಹುದು. ಛಂದಸ್ಸು ಕೆಡದ ಅಪಪಾಠಗಳನ್ನು ನಾವೂ ಕಂಡಿದ್ದೇವೆ. ಅಂಥದನ್ನು ಹಿಡಿಯಬೇಕಾದರೆ ಚಿಪ್ ತಯಾರಕರ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು, ಸಾಲು ಸಾಲಾಗಿ ಒಪ್ಪನೋಡುವ ಮನುಷ್ಯನೊಬ್ಬ ಇಂದಿಗೂ ಬೇಕು.