ಬೆಟ್ಟದ ಅಳತೆಗೆ ತಕ್ಕ ಚಾರಣ

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಚಾರಣಾಸಕ್ತರು ಮುಂಬರುವ ಶಿಬಿರದ ಕುರಿತು ಚರ್ಚಿಸಲು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ.)



ಸಭೆಯ ಮುಂದಿರುವ ಯೋಜನೆಯನ್ನು ಈಗಷ್ಟೇ ಓದಿ ಹೇಳಲಾಯಿತು. ನಲವತ್ತು ಮಂದಿ, ಎಂಟು ಜೀಪುಗಳು, ಎರಡು ರಾತ್ರಿಯ ಬಿಡಾರ. ಮೊದಲ ದಿನ ದಿಡುಪೆಯಿಂದ ಕಚ್ಚಾದಾರಿಯಲ್ಲಿ ವಾಹನವೇರಿಸಿ ಹುಲ್ಲುಗಾವಲಿನಲ್ಲಿ ಡೇರೆ ಹಾಕುವುದು. ಮರುದಿನ ಬಂಡಾಜೆ ಅರ್ಬಿಯ ನೆತ್ತಿಗೆ ನಡಿಗೆ. ಸಂಜೆ ಬೆಂಕಿಯ ಸುತ್ತ ಹಾಡು, ಊಟ. ಈ ಉತ್ಸಾಹವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಬೆಟ್ಟವನ್ನು ಕಾಲಿನಿಂದ ಅರಿಯದವನು ಅದರ ನಾಶಕ್ಕೆ ಮರುಗಲಾರ. ಪಶ್ಚಿಮಘಟ್ಟದ ಪರವಾಗಿ ದನಿಯೆತ್ತಿದವರಲ್ಲಿ ಬಹಳ ಮಂದಿ ಮೊದಲು ಅಲ್ಲಿ ನಡೆದಾಡಿದವರೇ ಆಗಿದ್ದಾರೆ. ಆದುದರಿಂದ ಹೋಗಬೇಡಿ ಎಂದು ಹೇಳಲು ನಾನು ಬಂದಿಲ್ಲ. ಯೋಜನೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ನಾವು ಸಾಮಾನ್ಯವಾಗಿ ನಮ್ಮಿಂದ ಆರಂಭಿಸುತ್ತೇವೆ. ನಾವೆಷ್ಟು ಜನ, ನಮಗೆಷ್ಟು ರಜೆ, ನಮ್ಮಲ್ಲಿ ಎಷ್ಟು ವಾಹನ ಎಂದು ಎಣಿಸಿ, ಆ ಲೆಕ್ಕಕ್ಕೆ ಹೊಂದುವ ಬೆಟ್ಟವನ್ನು ಹುಡುಕುತ್ತೇವೆ. ಇದನ್ನು ತಿರುವಿ ಹಾಕಬೇಕೆಂಬುದು ನನ್ನ ವಿನಂತಿ. ಆ ಇಳಿಜಾರು, ಆ ತೊರೆ, ಆ ಬುಡದ ಊರು ಎಷ್ಟು ಭಾರವನ್ನು ಹೊರಬಲ್ಲವು ಎಂಬುದನ್ನು ಮೊದಲು ತಿಳಿದು, ಅದಕ್ಕೆ ತಕ್ಕಂತೆ ನಮ್ಮ ಸಂಖ್ಯೆಯನ್ನೂ ಸಾಮಗ್ರಿಯನ್ನೂ ನಿಗದಿ ಮಾಡಬೇಕು. ಶಾಸ್ತ್ರಜ್ಞರು ಇದನ್ನೇ ಧಾರಣಶಕ್ತಿ ಎನ್ನುತ್ತಾರೆ.

ನಾವು ಹೋಗಲಿರುವ ನೆಲ ಯಾವುದು? ಬೆಳ್ತಂಗಡಿ ತಾಲೂಕಿನ ಪೂರ್ವದ ಅಂಚು ಬಹುಪಾಲು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದೆ. ಸಿಂಗಳೀಕಗಳ ನೆಲೆಯಾದ ಈ ಅರಣ್ಯವನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಇದೂ ಒಂದು. ಇಲ್ಲಿ ನೆತ್ತಿಯ ಮೇಲೆ ಹುಲ್ಲು, ಮಡಿಲಿನಲ್ಲಿ ಶೋಲಾ ಕಾಡು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯನ್ನು ಹುಲ್ಲಿನ ಬೇರು ತಡೆದು ಮಣ್ಣಿಗಿಳಿಸುತ್ತದೆ. ಮಣ್ಣು ಅದನ್ನು ಶೋಲೆಗೆ ಒಪ್ಪಿಸುತ್ತದೆ. ಶೋಲೆಯು ಬೇಸಗೆಯವರೆಗೂ ಅದನ್ನು ತೊಟ್ಟಿಕ್ಕಿಸುತ್ತದೆ. ಹೀಗೆ ಇಳಿದ ತೊರೆಗಳೇ ನೇತ್ರಾವತಿ. ಬಂಟ್ವಾಳದ ಪೇಟೆಯ ಮಗ್ಗುಲಲ್ಲಿ ಹರಿದು, ತುಂಬೆಯ ಅಣೆಕಟ್ಟಿನಲ್ಲಿ ನಿಂತು, ಮಂಗಳೂರಿನ ನಲ್ಲಿಗಳಿಗೆ ಹೋಗುವ ನೀರು. ಇದೇ ಘಟ್ಟಸಾಲಿನಲ್ಲಿ ಹುಟ್ಟಿದ ಫಲ್ಗುಣಿ ವೇಣೂರನ್ನು ಬಳಸಿ ಪಡುವಣಕ್ಕೆ ಸಾಗುತ್ತದೆ. ಮೂರು ತಾಲೂಕುಗಳಿಂದ ಬಂದಿರುವ ನಾವು ಆ ಹುಲ್ಲುಗಾವಲಿಗೆ ಪರಕೀಯರಲ್ಲ. ಅದರ ನೀರು ಕುಡಿದವರು.

ಈಗ ಅಲ್ಲಿ ಒಂದು ಜೀಪು ಹತ್ತಿತೆಂದು ಭಾವಿಸೋಣ. ಬಂಡೆಯ ಮೇಲಿನ ತೆಳುಮಣ್ಣು ಚಕ್ರದ ಭಾರಕ್ಕೆ ಬಿಗಿದುಕೊಳ್ಳುತ್ತದೆ, ಹುಲ್ಲು ಸಾಯುತ್ತದೆ, ಎರಡು ಗೆರೆಗಳು ಮೂಡುತ್ತವೆ. ಮುಂದಿನ ಆಷಾಢದಲ್ಲಿ, ಇಡೀ ಇಳಿಜಾರಿನಲ್ಲಿ ಹರಡಿ ಇಂಗಬೇಕಾಗಿದ್ದ ನೀರು ಆ ಎರಡು ಗೆರೆಗಳಲ್ಲಿ ಸೇರಿ ಓಡುತ್ತದೆ. ಗೆರೆ ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗುತ್ತದೆ. ಕೊರಕಲನ್ನು ತಪ್ಪಿಸಲು ಮುಂದಿನ ವರ್ಷದ ಜೀಪು ಪಕ್ಕದಲ್ಲಿ ಮತ್ತೆರಡು ಗೆರೆ ಎಳೆಯುತ್ತದೆ. ಕಾಲುದಾರಿಯೂ ಸವೆಯುತ್ತದೆ, ನಿಜ. ಆದರೆ ಅದು ಒಂದು ಅಡಿ ಅಗಲದ ಗಾಯ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಒಂದು: ಕುದುರೆಮುಖದಲ್ಲಿ ದಶಕಗಳ ಕಾಲ ಗಣಿಯನ್ನೇ ಅಗೆದರಲ್ಲ, ನಮ್ಮ ಎಂಟು ಜೀಪುಗಳಿಂದ ಏನಾಗುತ್ತದೆ? ಮಿತ್ರರೇ, ಆ ಗಣಿಯ ವಿರುದ್ಧ ಜನರು ಮುಂದಿಟ್ಟ ವಾದಗಳಲ್ಲಿ ಮುಖ್ಯವಾದುದು ಭದ್ರಾ ನದಿಗೆ ಇಳಿಯುತ್ತಿದ್ದ ಹೂಳಿನ ವಾದ. ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ ಆದೇಶ ನೀಡಿತು. 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಬೆಟ್ಟದ ಮಣ್ಣು ನದಿಗೆ ಇಳಿಯಬಾರದೆಂಬ ಮಾತಿನ ಬಲದಿಂದ ಯಂತ್ರಗಳನ್ನು ಕೆಳಗಿಳಿಸಿದ ನಾಡಿನವರು ನಾವು. ವಿನೋದಕ್ಕಾಗಿ ಅದೇ ಇಳಿಜಾರಿಗೆ ಚಕ್ರವನ್ನು ಹತ್ತಿಸಿದರೆ ನಾಳೆ ಯಾವ ಮುಖದಿಂದ ಆ ಮಾತನ್ನು ಮತ್ತೆ ಆಡೋಣ?

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು: ದಿಡುಪೆಯಿಂದ ಎಳನೀರಿಗೆ ಊರಿನ ಜೀಪುಗಳು ಹೋಗುತ್ತವಲ್ಲ, ನಮ್ಮದೇಕೆ ಕೂಡದು? ಎಳನೀರು ಮಲವಂತಿಗೆಗೆ ಸೇರಿದ, ಆದರೆ ಘಟ್ಟದ ಮೇಲಿರುವ ಊರು. ಸರಿಯಾದ ರಸ್ತೆಯಲ್ಲೇ ತಾಲೂಕು ಕೇಂದ್ರಕ್ಕೆ ಬರಬೇಕಾದರೆ ಅಲ್ಲಿನವರು ಸುಮಾರು ನೂರು ಕಿಲೋಮೀಟರು ಸುತ್ತಬೇಕು. ರಾಷ್ಟ್ರೀಯ ಉದ್ಯಾನದೊಳಗಿನ ಆ ಕಡಿದಾದ ಕಚ್ಚಾದಾರಿ ಅವರಿಗೆ ಸಾಹಸವಲ್ಲ. ಪಡಿತರಕ್ಕೆ, ಆಸ್ಪತ್ರೆಗೆ, ಕಚೇರಿಗೆ ಇರುವ ದಾರಿ. ಅದು ಸರಿಯಾಗಬೇಕೆಂದು ಅವರು ಬಹುಕಾಲದಿಂದ ಕೇಳುತ್ತಿದ್ದಾರೆ. ಕುತ್ಲೂರು ಮುಂತಾದೆಡೆಗಳ ಮಲೆಕುಡಿಯರ ಮನೆಗಳ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಅಗತ್ಯಕ್ಕಾಗಿ ಓಡುವ ಜೀಪನ್ನೂ ಅಬ್ಬರಕ್ಕಾಗಿ ಓಡುವ ಜೀಪನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ನಾವು ಕೆಸರೆಬ್ಬಿಸಿ ಕೆಡಿಸಿದ ದಾರಿಯಲ್ಲಿ ಮರುದಿನ ಬಸುರಿಯನ್ನು ಕೆಳಗಿಳಿಸಬೇಕಾದವರು ಅವರು. ಆದುದರಿಂದ ಡಾಮರು ಮುಗಿದಲ್ಲಿಗೆ ನಮ್ಮ ಚಕ್ರವೂ ನಿಲ್ಲಲಿ. ಅಲ್ಲಿಂದ ಮುಂದೆ ಕಾಲ್ನಡಿಗೆ.

ಇನ್ನು ರಾತ್ರಿಯ ಬಿಡಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ, ಆಯುಧ ಒಯ್ಯುವಂತಿಲ್ಲ. ಇಲಾಖೆಯೇ ನಡೆಸುವ ಭಗವತಿ ಪ್ರಕೃತಿ ಶಿಬಿರದಂತಹ ತಾಣಗಳ ಹೊರತು ಬಯಲಲ್ಲಿ ಡೇರೆ ಹಾಕಲು ಚಾರಣಿಗರಿಗೆ ಅವಕಾಶವಿಲ್ಲ. ಹಿಂದೆ ಹಲವರು ಬಂಡಾಜೆಯ ಮೇಲೆ, ಬಲ್ಲಾಳರಾಯನ ದುರ್ಗದ ಬಳಿ ತಂಗಿದ್ದುಂಟು. ಆ ನೆನಪನ್ನು ಪರವಾನಗಿಯೆಂದು ತಿಳಿಯಬಾರದು. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಮಂದಿ ಒಮ್ಮೆಲೆ ಸೇರಿದ ಬಳಿಕ ಸರ್ಕಾರವು ಚಾರಣಗಳನ್ನು ಕೆಲಕಾಲ ನಿಲ್ಲಿಸಿ, ಅದೇ ವರ್ಷ ಅಂತರ್ಜಾಲದ ಮೂಲಕ ಮುಂಗಡ ನೋಂದಣಿಯ ವ್ಯವಸ್ಥೆ ತಂದು, ದಿನವೊಂದಕ್ಕೆ ಜನರ ಮಿತಿಯನ್ನು ಗೊತ್ತುಪಡಿಸಿತು. ಬೆಟ್ಟಕ್ಕೂ ಒಂದು ಲೆಕ್ಕವಿದೆ ಎಂಬುದನ್ನು ಆಡಳಿತವು ಒಪ್ಪಿಕೊಂಡಂತಾಯಿತು.

ನೋಂದಣಿ ಮಾಡಿ ಚೀಟಿ ಪಡೆದ ಮಾತ್ರಕ್ಕೆ ಬೆಟ್ಟ ಸುರಕ್ಷಿತವಾಗುವುದಿಲ್ಲ. 2019ರ ಆಗಸ್ಟಿನ ಮಳೆಯನ್ನು ಇಲ್ಲಿರುವವರು ಮರೆತಿಲ್ಲ. ಅಂದು ಘಟ್ಟದ ಮೈ ಹಲವೆಡೆ ಜಾರಿತು. ದಿಡುಪೆ, ಕುಕ್ಕಾವು, ಚಾರ್ಮಾಡಿಯ ತೋಟಗಳಿಗೆ ಮರಳೂ ಮರಗಳೂ ನುಗ್ಗಿದವು. ಚಾರ್ಮಾಡಿ ಘಾಟಿಯ ರಸ್ತೆ ಕುಸಿದು ಸಂಚಾರ ನಿಂತಿತು. 2021ರ ಜನವರಿಯಲ್ಲಿ, ಮಳೆಗಾಲವಲ್ಲದ ತಿಂಗಳಲ್ಲಿ, ಎಳನೀರಿನ ಬಳಿಯ ಬಂಗಾರಪಲ್ಕೆ ಜಲಪಾತದಲ್ಲಿ ಗುಡ್ಡ ಕುಸಿದು, ಗೆಳೆಯರೊಂದಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ಮಣ್ಣಿನಡಿ ಸಿಲುಕಿ ತೀರಿಕೊಂಡ. ಹುಡುಕಾಟ ಎರಡು ವಾರಗಳನ್ನೂ ಮೀರಿ ನಡೆಯಿತು. ಆ ಹುಡುಗರು ಮಾಡಬಾರದ್ದೇನನ್ನೋ ಮಾಡಿದರೆಂದು ನಾನು ಹೇಳುತ್ತಿಲ್ಲ. ಒಮ್ಮೆ ಜಾರಿದ ಬೆಟ್ಟ ವರ್ಷಗಳ ಕಾಲ ಸಡಿಲವಾಗಿರಬಲ್ಲದು, ಅದನ್ನು ಅರಿತವರು ಆ ಊರಿನವರು ಮಾತ್ರ. ಅವಘಡವಾದಾಗ ಅಗ್ನಿಶಾಮಕದವರಿಗಿಂತ ಮೊದಲು ಗುದ್ದಲಿ ಹಿಡಿದು ಬರುವವರೂ ಅವರೇ. ಹಾಗಿರುವಾಗ ಹೊರಡುವ ಮುನ್ನ ಅವರನ್ನು ಒಂದು ಮಾತು ಕೇಳದಿರುವುದು ಯಾವ ನ್ಯಾಯ?

ಆದುದರಿಂದ ಬೇರೊಂದು ಯೋಜನೆಯನ್ನು ಸಭೆಯ ಮುಂದಿಡುತ್ತೇನೆ.

ನಲವತ್ತು ಮಂದಿ ನಾಲ್ಕು ತಂಡಗಳಾಗೋಣ. ನಾಲ್ಕು ಬೇರೆ ಬೇರೆ ವಾರಗಳಲ್ಲಿ ಹೋಗೋಣ. ಹತ್ತು ಮಂದಿಯಾದರೆ ಕೊನೆಯವನ ಸದ್ದು ಮೊದಲಿನವನಿಗೆ ಕೇಳಿಸುತ್ತದೆ, ಹಕ್ಕಿಯ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೂ ಮುನ್ನ ಒಂದು ಭಾನುವಾರ ಮೂಡುಬಿದಿರೆಯ ಕೊಣಾಜೆ ಕಲ್ಲನ್ನೋ ಬಂಟ್ವಾಳದ ಕಾರಿಂಜ ಬೆಟ್ಟವನ್ನೋ ಏರಿ ನಮ್ಮ ಉಸಿರನ್ನು ಪರೀಕ್ಷಿಸಿಕೊಳ್ಳೋಣ. ಅಲ್ಲಿ ಸುಸ್ತಾದವರಿಗೆ ಗಡಾಯಿಕಲ್ಲು ಸಾಕು. ಟಿಪ್ಪು ಸುಲ್ತಾನ 1794ರಲ್ಲಿ ಕಟ್ಟಿಸಿದ ಆ ಜಮಲಾಬಾದ್ ಕೋಟೆಯ ಮೆಟ್ಟಿಲುಗಳನ್ನು ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದು. ಇಂತಹ ಬಂಡೆಬೆಟ್ಟಗಳಲ್ಲಿ ಹೆಜ್ಜೇನು ಇರಬಹುದು. ಹೊಗೆ, ಸುಗಂಧದ್ರವ್ಯ, ಕೂಗಾಟ ಬೇಡ.

ಬೆಳ್ತಂಗಡಿಯವರೆಗೆ ಬಸ್ಸು, ಅಲ್ಲಿಂದ ಡಾಮರಿನ ಕೊನೆಯವರೆಗೆ ಊರಿನ ಬಾಡಿಗೆ ವಾಹನ. ಬಿಡಾರ ಉದ್ಯಾನದ ಹೊರಗೆ, ಬೆಟ್ಟದ ಬುಡದಲ್ಲಿ: ಮನೆಯವರ ಒಪ್ಪಿಗೆ ಪಡೆದು, ಕೊಯ್ಲಾದ ಗದ್ದೆಯಲ್ಲಿ ಡೇರೆ ಹಾಕಬಹುದು. ಊಟವನ್ನು ಆ ಮನೆಯವರಿಂದಲೇ ಮಾಡಿಸಿ ತಕ್ಕ ಹಣ ಕೊಡೋಣ. ದಾರಿ ತೋರಿಸಲು ಬರುವವರಿಗೂ ಒಂದು ದಿನದ ಸಂಬಳ, ನಮ್ಮೊಂದಿಗೆ ಊಟ. ಬೆಳಗಿನ ಜಾವ ಹೊರಟು, ಮಧ್ಯಾಹ್ನವಾಗುವುದರೊಳಗೆ ಎಲ್ಲಿದ್ದೇವೋ ಅಲ್ಲಿಂದ ಹಿಂದಿರುಗಬೇಕು. ತುದಿ ಮುಟ್ಟಲೇಬೇಕೆಂಬ ಹಟ ಬೇಡ. ಆನೆ ಸಂಚರಿಸುವ ಕಾಡಿನಲ್ಲಿ ಮುಸ್ಸಂಜೆಯ ನಡಿಗೆ ಸಲ್ಲದು.

ತೊರೆಯ ವಿಷಯದಲ್ಲಿ ಕಟ್ಟುನಿಟ್ಟಾಗಿರೋಣ. ಘಟ್ಟದ ಬುಡದ ಮನೆಗಳು ಮೇಲಿನ ತೊರೆಗೆ ಕೊಳವೆ ಜೋಡಿಸಿ ಕುಡಿಯುವ ನೀರನ್ನು ಇಳಿಸಿಕೊಳ್ಳುತ್ತವೆ. ನಮಗೆ ಅದು ಸ್ನಾನದ ಹೊಂಡವಾಗಿ ಕಂಡರೂ ಅವರಿಗೆ ಅದು ಅಡುಗೆಮನೆಯ ಕೊಡ. ಸಾಬೂನು, ಎಣ್ಣೆ, ಶಾಂಪೂ ನೀರಿಗೆ ಬೀಳಬಾರದು. ಶೌಚಕ್ಕೆ ತೊರೆಯಿಂದ ಇನ್ನೂರು ಅಡಿಯಾದರೂ ದೂರ ಹೋಗಿ, ಒಂದು ಗೇಣು ಗುಳಿ ತೋಡಿ ಮುಚ್ಚಬೇಕು. ಪ್ಲಾಸ್ಟಿಕ್ಕು ಮಾತ್ರವಲ್ಲ, ಕಿತ್ತಳೆಯ ಸಿಪ್ಪೆಯನ್ನೂ ಹಿಂದಕ್ಕೆ ತರಬೇಕು. ಬೆಂಕಿ ಬೇಡವೇ ಬೇಡ. ಮಾಘ ಫಾಲ್ಗುಣದ ಒಣಹುಲ್ಲಿಗೆ ಒಂದು ಬೀಡಿಯ ತುಂಡು ಸಾಕು.

ಆರೋಗ್ಯದ ಕುರಿತು ಒಂದು ಮಾತು. ಮಳೆಗಾಲದ ಉಂಬಳಕ್ಕೆ ಎಲ್ಲರೂ ಹೆದರುತ್ತಾರೆ. ಅದು ರಕ್ತ ಹೀರಿ ಬಿಡುತ್ತದೆ, ಅಷ್ಟೇ. ಹೆದರಬೇಕಾದುದು ಬೇಸಗೆಯ ಉಣುಗಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ 1982–83ರಲ್ಲಿ ನಮ್ಮ ಬೆಳ್ತಂಗಡಿ ತಾಲೂಕಿನ ನಿಡ್ಲೆಯ ಸುತ್ತ ಹಬ್ಬಿ ಅನೇಕರನ್ನು ಬಲಿ ತೆಗೆದುಕೊಂಡಿತು. ಅದಕ್ಕೂ ಮುನ್ನ ಅಲ್ಲಿ ಗೇರುತೋಟಕ್ಕಾಗಿ ಕಾಡನ್ನು ಬೋಳಿಸಲಾಗಿತ್ತು. ನವೆಂಬರಿನಿಂದ ಮೇ ತಿಂಗಳವರೆಗಿನ ಅವಧಿಯೇ ಉಣುಗಿನ ಕಾಲ, ಚಾರಣದ ಕಾಲವೂ ಅದೇ. ಮೈಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಲೇಪಿಸಿ, ತರಗೆಲೆಯ ಮೇಲೆ ಕೂರದೆ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು ಮೈ ಪರೀಕ್ಷಿಸಿಕೊಳ್ಳಬೇಕು. ದಾರಿಯಲ್ಲಿ ಮಂಗ ಸತ್ತು ಬಿದ್ದಿರುವುದು ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹಿಂದಿರುಗಿದ ಕೆಲವು ದಿನಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದೆನೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಕೊನೆಯದಾಗಿ, ಹೊರಡುವ ಹಿಂದಿನ ದಿನ ತಂಡದವರ ಹೆಸರು, ರಕ್ತದ ಗುಂಪು, ಮರಳುವ ಹೊತ್ತು ಬರೆದ ಚೀಟಿಯೊಂದು ಬಿಡಾರದ ಮನೆಯಲ್ಲೂ ಅರಣ್ಯ ಇಲಾಖೆಯ ಠಾಣೆಯಲ್ಲೂ ಇರಲಿ. ಕಣಿವೆಗಳಲ್ಲಿ ದೂರವಾಣಿಯ ಸಂಕೇತ ಸಿಗುವುದೆಂಬ ಭರವಸೆಯಿಲ್ಲ. ಹೇಳಿದ ಹೊತ್ತಿಗೆ ನಾವು ಬರದಿದ್ದರೆ ಯಾರಾದರೂ ಕೇಳುವಂತಿರಬೇಕು.

ಇಷ್ಟೆಲ್ಲ ಬಿಟ್ಟರೆ ಉಳಿಯುವ ಸಂತೋಷವೇನು ಎಂದು ಕೇಳಬಹುದು. ಜೀಪಿನಲ್ಲಿ ಗಂಟೆಯೊಂದರಲ್ಲಿ ದಾಟುವ ದಾರಿಯನ್ನು ಅರ್ಧ ದಿನ ನಡೆದರೆ ಅಡಕೆ ತೋಟ ಎಲ್ಲಿ ಮುಗಿಯಿತು, ಕಾಡು ಎಲ್ಲಿ ತೊಡಗಿತು, ಮರಗಳು ಎಲ್ಲಿ ಕುಳ್ಳಾಗಿ ಹುಲ್ಲು ಎಲ್ಲಿ ಹುಟ್ಟಿತು ಎಂಬುದು ಕಾಲಿಗೇ ತಿಳಿಯುತ್ತದೆ. ಆ ತಿಳಿವಳಿಕೆಯಿಂದಲೇ ಮುಂದೊಂದು ದಿನ ಬೆಟ್ಟದ ಪರವಾಗಿ ಸಾಕ್ಷಿ ನುಡಿಯಬಲ್ಲ ನಲವತ್ತು ಮಂದಿ ಹುಟ್ಟುತ್ತಾರೆ.

ಎಂಟು ಜೀಪುಗಳ ಪ್ರಸ್ತಾವವನ್ನು ಹಿಂದೆಗೆದುಕೊಂಡು, ನಾಲ್ಕು ತಂಡಗಳ ಪ್ರಸ್ತಾವವನ್ನು ಅಂಗೀಕರಿಸಬೇಕೆಂದು ಸಭೆಯನ್ನು ಕೋರುತ್ತೇನೆ. ದಿಡುಪೆಗೂ ವಳಂಬ್ರಕ್ಕೂ ಹೋಗಿ ಊರವರನ್ನು ಕಂಡು ಬರಲು ಇಬ್ಬರನ್ನು ಇಂದೇ ನೇಮಿಸೋಣ. ಅವರು ತಂದ ಮಾತಿನ ಮೇಲೆ ದಿನಾಂಕವನ್ನು ಗೊತ್ತುಮಾಡೋಣ.